ಬ್ಯಾಟರಿ ಮನೆಯೊಳಗೆ, ಬೈಕು ಗ್ಯಾರೇಜಿನಲ್ಲಿ

ಜನವರಿಯ ಒಂದು ಭಾನುವಾರ. ಮಿನಿಯಾಪೊಲಿಸ್‌ನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಮೈನಸ್ 24 ಡಿಗ್ರಿ. ಕಾಫಿ ಲೋಟ ಹಿಡಿದು ಗ್ಯಾರೇಜಿಗೆ ಹೊರಟೆ.

"ಈ ಚಳೀಲಿ ಅಲ್ಲೇನ್ರೀ ಕೆಲಸ?" ಅಂದಳು ಹೆಂಡತಿ.

ಕೆಲಸ ಏನೂ ಇರಲಿಲ್ಲ. ಸುಮ್ನೆ ಬೈಕ್ ನೋಡೋಕೆ.

ನಮ್ಮ ಗ್ಯಾರೇಜು ಹಿತ್ತಲಿನಲ್ಲಿದೆ. ಇಪ್ಪತ್ತು ಹೆಜ್ಜೆ ಅಷ್ಟೆ. ಅಷ್ಟರಲ್ಲೇ ಮೂಗಿನೊಳಗಿನ ಕೂದಲು ಗರಿಗರಿಯಾಗಿರುತ್ತದೆ. ಒಳಗೆ ಹಳೇ ಬೆಡ್‌ಶೀಟ್ ಹೊದ್ದು ನಿಂತಿದೆ ನನ್ನ ರಾಯಲ್ ಎನ್‌ಫೀಲ್ಡ್. ಊರಲ್ಲಿ ಇಂಟರ್‌ಸೆಪ್ಟರ್ 650 ಅನ್ನುತ್ತಾರಲ್ಲ, ಅದೇ. ಆ ಹೆಸರು ಅಮೆರಿಕದಲ್ಲಿ ಹೋಂಡಾದವರ ಕೈಯಲ್ಲಿರುವುದರಿಂದ ಇಲ್ಲಿ ಬರೀ ಐಎನ್‌ಟಿ 650. ಚೆನ್ನೈನಿಂದ ಇಷ್ಟು ದೂರ ಬಂದು ಹೆಸರು ಕಳ್ಕೊಂಡಿದೆ ಪಾಪ.

ಅಕ್ಟೋಬರ್ ಕೊನೆಗೆ ಅದನ್ನು ಮಲಗಿಸುವುದೇ ಒಂದು ಶಾಸ್ತ್ರ. ಒಳಗೆ ತೇವ ಕೂರದಂತೆ ಟ್ಯಾಂಕ್ ಫುಲ್ ಮಾಡಬೇಕು. ಪೆಟ್ರೋಲ್ ಕೆಡದಿರಲು ಸ್ಟೆಬಿಲೈಜರ್ ಸುರಿದು ಎಂಜಿನ್ ಸ್ವಲ್ಪ ಹೊತ್ತು ಓಡಿಸಬೇಕು. ಇಲಿ ನುಗ್ಗದಂತೆ ಸೈಲೆನ್ಸರ್ ಬಾಯಿಗೂ ಏರ್ ಫಿಲ್ಟರ್ ಡಬ್ಬಿಯ ಕಿಂಡಿಗೂ ಪಾತ್ರೆ ತಿಕ್ಕುವ ಸ್ಟೀಲ್ ನಾರು ತುರುಕಬೇಕು. ಈ ಕೊನೆಯದು ನಾನು ಪೆಟ್ಟು ತಿಂದು ಕಲಿತದ್ದು. ಮೊದಲ ವರ್ಷ ಏಪ್ರಿಲ್‌ನಲ್ಲಿ ಏರ್ ಫಿಲ್ಟರ್ ಡಬ್ಬಿ ಬಿಚ್ಚಿದರೆ ಒಳಗೆ ಎರಡು ಹಿಡಿ ಸೂರ್ಯಕಾಂತಿ ಬೀಜ! ಪಕ್ಕದ ಮನೆಯವರು ಹಕ್ಕಿಗಳಿಗೆ ಹಾಕಿದ್ದನ್ನು ಇಲಿಗಳು ಹೊತ್ತು ತಂದು ಸಾಲಾಗಿ ಪೇರಿಸಿಟ್ಟಿದ್ದವು. ನಾನು ಆ ಪಾಟಿ ನೀಟಾಗಿ ಏನನ್ನೂ ಜೋಡಿಸಿಲ್ಲ. ಅದೇ ವರ್ಷ ಬ್ಯಾಟರಿಯನ್ನೂ ಬೈಕಲ್ಲೇ ಬಿಟ್ಟಿದ್ದೆ. ಚಾರ್ಜ್ ಇಳಿದ ಬ್ಯಾಟರಿ ಚಳಿಗೆ ಹೆಪ್ಪುಗಟ್ಟುತ್ತದೆ ಅಂತ ಗೊತ್ತೇ ಇರಲಿಲ್ಲ. ಈಗ ಅದು ಮನೆಯೊಳಗೆ, ಚಪ್ಪಲಿ ಸ್ಟ್ಯಾಂಡ್ ಪಕ್ಕ, ಚಾರ್ಜರ್‌ನ ಹಸಿರು ದೀಪ ಉರಿಸಿಕೊಂಡು ಬೆಚ್ಚಗಿದೆ.

ಬೆಡ್‌ಶೀಟ್ ಸರಿಸಿ ಹತ್ತಿ ಕೂತೆ. ಸೀಟು ಹಲಗೆಯಂತಾಗಿತ್ತು. ಎದುರು ಗೋಡೆಯಲ್ಲಿ ಕಾಗದದ ಮ್ಯಾಪ್ ಇದೆ. ಚಳಿಗಾಲದಲ್ಲಿ ನನ್ನ ಸವಾರಿಯೆಲ್ಲ ಅದರ ಮೇಲೆಯೇ.

ಮೊದಲು ಹೈವೇ 61. ಡುಲೂತ್‌ನಿಂದ ಗ್ರ್ಯಾಂಡ್ ಮರೇವರೆಗೆ ಸುಮಾರು 175 ಕಿಲೋಮೀಟರ್, ಬಲಕ್ಕೆ ಸುಪೀರಿಯರ್ ಸರೋವರ. ಜೂನ್‌ನಲ್ಲಿ ಹೋದಾಗ ಗುಡ್ಡದ ಮೇಲೆ ಬೆವರುತ್ತಿದ್ದವನು ನೀರಿನ ಹತ್ತಿರ ಇಳಿಯುತ್ತಿದ್ದಂತೆ ಜಾಕೆಟ್ ಜಿಪ್ ಎಳೆದುಕೊಂಡಿದ್ದೆ, ಫ್ರಿಜ್ ಬಾಗಿಲು ತೆಗೆದ ಹಾಗೆ. ಟೂ ಹಾರ್ಬರ್ಸ್ ದಾಟಿದ ಮೇಲೆ ಬಂಡೆ ಕೊರೆದ ಸುರಂಗ ಬರುತ್ತದೆ. ಒಳಗೆ ನಮ್ಮ ಸೈಲೆನ್ಸರ್ ಸದ್ದು ನಮಗೇ ಖುಷಿ ಕೊಡುತ್ತದೆ. ಮುಂದೆ ಸ್ಪ್ಲಿಟ್ ರಾಕ್, 1910ರ ದೀಪಸ್ತಂಭ. ಆಚೆ ದಡ ಕಾಣದ ನೀರು ನೋಡಿದಾಗ ಮರವಂತೆ ನೆನಪಾಗುತ್ತದೆ. ಆದರೆ ಅಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ. ಇಲ್ಲಿ ಒಂದೇ ಕಡೆ ನೀರು, ಉಪ್ಪಿನ ವಾಸನೆಯೂ ಇಲ್ಲ. ಮೀನೂಟವಂತೂ ಕೇಳಲೇಬೇಡಿ.

ಬೆರಳು ಪಶ್ಚಿಮಕ್ಕೆ ಜಾರಿತು. ಮೊಂಟಾನಾದ ರೆಡ್ ಲಾಡ್ಜ್, ಅಲ್ಲಿಂದ ಬೇರ್‌ಟೂತ್ ಹೈವೇ. 1936ರಲ್ಲಿ ತೆರೆದ ರಸ್ತೆ, 10,947 ಅಡಿ ಎತ್ತರಕ್ಕೆ ಹತ್ತುತ್ತದೆ. ನಾನಿನ್ನೂ ಹೋಗಿಲ್ಲ. ನಮ್ಮನೆಯಿಂದ ಎರಡು ದಿನದ ದಾರಿ. ಮೂರು ಚಳಿಗಾಲದಿಂದ ಎಲ್ಲಿ ಪೆಟ್ರೋಲ್, ಎಲ್ಲಿ ಊಟ ಅಂತ ಲೆಕ್ಕ ಹಾಕ್ತಾನೇ ಇದ್ದೀನಿ. ತಮಾಷೆ ಅಂದರೆ ಆ ರಸ್ತೆಯೂ ಈಗ ಮುಚ್ಚಿದೆ. ಅಕ್ಟೋಬರ್ ಮಧ್ಯದಿಂದ ಮೇ ಕೊನೆಯವರೆಗೆ ಅದೂ ಹಿಮದಡಿ ಮಲಗಿರುತ್ತದೆ, ನನ್ನ ಬೈಕಿನ ಹಾಗೆ.

ಅಷ್ಟರಲ್ಲಿ ತೀರ್ಥಹಳ್ಳಿಯಿಂದ ತಮ್ಮನ ಫೋನ್. ಅಲ್ಲಿ ರಾತ್ರಿ ಎಂಟೂವರೆ ದಾಟಿತ್ತು.

"ಅಣ್ಣಾ, ಇವತ್ತು ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗಿ ಬಂದೆ. ಸೊಂಟ ಬಿದ್ದು ಹೋಗಿದೆ."

ನನ್ನ ಕಿವಿ ನೆಟ್ಟಗಾಯಿತು. ಹದಿನಾಲ್ಕು ತಿರುವು! ಕಾಲೇಜಿನ ದಿನಗಳಲ್ಲಿ ಅದು ನನಗೆ ಮದುವೆಗೋ ಆಸ್ಪತ್ರೆಗೋ ಹೋಗುವ ದಾರಿ, ಅಷ್ಟೆ. ಬಸ್ಸಿನಲ್ಲಿ ವಾಂತಿ ಬರದಿದ್ದರೆ ಸಾಕಿತ್ತು.

"ತಿರುವಲ್ಲಿ ಎಷ್ಟನೇ ಗೇರಲ್ಲಿ ಇಳಿಸಿದೆಯೋ?"

"ಸ್ಕೂಟರಿಗೆ ಗೇರ್ ಎಲ್ಲಿದೆ ಅಣ್ಣಾ?"

"ಹೋಗ್ಲಿ, ಕಾಡು ಹೇಗಿತ್ತು? ಕೆಳಗೆ ಬಯಲು ಕಾಣ್ತಿತ್ತಾ?"

"ಮಿನಿ ಬಸ್ ಹಿಂದೆ ಸಿಕ್ಕಾಕ್ಕೊಂಡಿದ್ದೆ. ಅದರ ಹಿಂಭಾಗ ಚೆನ್ನಾಗಿ ಕಾಣ್ತಿತ್ತು."

ಫೋನಿಟ್ಟು ಲೋಟ ತೆಗೆದುಕೊಂಡೆ. ಉಳಿದ ಕಾಫಿಯ ಮೇಲೆ ತೆಳ್ಳಗೆ ಮಂಜುಗಡ್ಡೆ ಕಟ್ಟಿತ್ತು. ಬೆಡ್‌ಶೀಟ್ ಮತ್ತೆ ಹೊದಿಸಿ, ಸೈಲೆನ್ಸರ್‌ನ ನಾರು ಒಮ್ಮೆ ಒತ್ತಿ ನೋಡಿ ಮನೆಗೆ ಬಂದೆ.

"ಇಷ್ಟೊತ್ತು ಎಲ್ಲಿಗೆ ಹೋಗಿದ್ರಿ?"

"ಗ್ರ್ಯಾಂಡ್ ಮರೇ."

"ಮರೆತೇ ಬಂದ್ರಾ? ದಾರೀಲಿ ಹಾಲು ತರಬೇಕಿತ್ತು."

ಕಾರಿನ ಕೀ ತೆಗೆದುಕೊಂಡು ಹೊರಟೆ.