367 ಕೆರೆಗಳಲ್ಲಿ ನಮ್ಮದು ಎಷ್ಟನೆಯದು?

2024ರ ಫೆಬ್ರುವರಿ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರೂ ಅವರ ಸಂಪುಟವೂ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕುಳಿತ ಮೇಲೆ, ಕೇಂದ್ರ ಮತ್ತು ರಾಜ್ಯಗಳ ನಡುವಿನ ಅನುದಾನದ ತಕರಾರು ಪತ್ರಿಕೆಗಳ ಒಳಪುಟದಿಂದ ಮುಖಪುಟಕ್ಕೆ ಬಂತು. ಅದಾದ ಕೆಲವು ವಾರಗಳಿಗೆ, ಲೋಕಸಭಾ ಚುನಾವಣೆಯ ನೀತಿಸಂಹಿತೆ ಜಾರಿಯಾಗುವ ಮುನ್ನ, ಬಯಲುಸೀಮೆಯ ಶಾಸಕರೊಬ್ಬರು ಭದ್ರಾ ಜಲಾಶಯದಿಂದ ಮೊಳಕಾಲ್ಮೂರಿನವರೆಗೆ ಹೋಗಿ ಬರೋಣವೆಂದು ನನ್ನನ್ನು ಕರೆದರು. ಭದ್ರಾ ಮೇಲ್ದಂಡೆ ಯೋಜನೆಯ ನೀರು ಯಾವ ದಾರಿಯಲ್ಲಿ ಬರಬೇಕೋ ಅದೇ ದಾರಿಯಲ್ಲಿ ಸಾಗಿ, ಊರೂರಿನಲ್ಲಿ ಜನರನ್ನು ಕೂರಿಸಿಕೊಂಡು ಹಣದ ಲೆಕ್ಕ ಒಪ್ಪಿಸುವುದು ಅವರ ಉದ್ದೇಶವಾಗಿತ್ತು. ಹೆಸರನ್ನೂ ಪಕ್ಷವನ್ನೂ ಬರೆಯಕೂಡದೆಂಬುದೊಂದೇ ಷರತ್ತು. ಜನಪ್ರತಿನಿಧಿಗಳ ಜೊತೆಗಿನ ಪ್ರಯಾಣ ನನಗೆ ಒಗ್ಗುವುದಿಲ್ಲ. ಹಾರ, ಪೇಟ, ಫಲತಾಂಬೂಲ, ಭುಜಕ್ಕೆ ಭುಜ ತಾಗಿಸಿ ತೆಗೆಸಿಕೊಳ್ಳುವ ಚಿತ್ರಗಳಲ್ಲಿ ಅರ್ಧ ದಿನ ಕಳೆದುಹೋಗುತ್ತದೆ. ಆದರೆ ಇನ್ನೂ ಹರಿಯದ ನೀರಿನ ದಾರಿಯನ್ನು ನೋಡುವ ಅವಕಾಶ ಮತ್ತೆ ಸಿಗುವುದಿಲ್ಲವೆನಿಸಿ ಒಪ್ಪಿಕೊಂಡೆ.

ಭದ್ರಾ ಜಲಾಶಯವಿರುವ ಲಕ್ಕವಳ್ಳಿಯಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. 186 ಅಡಿಯ ಜಲಾಶಯ ಆ ವರ್ಷದ ಬರದಲ್ಲಿ ಬಹಳ ಕೆಳಗಿಳಿದಿತ್ತು. ದಂಡೆಯುದ್ದಕ್ಕೂ ಕೆಂಪು ಮಣ್ಣಿನ ಪಟ್ಟಿ ಕಾಣುತ್ತಿತ್ತು. ಯೋಜನೆಯ ಪ್ರಕಾರ ತುಂಗಾ ನದಿಯಿಂದ 17.40 ಟಿಎಂಸಿ ಅಡಿ ನೀರನ್ನು ಎತ್ತಿ ಭದ್ರೆಗೆ ತರಬೇಕು, ಅದಕ್ಕೆ ಭದ್ರೆಯ 12.50 ಟಿಎಂಸಿ ಸೇರಿಸಿ ಒಟ್ಟು 29.90 ಟಿಎಂಸಿ ನೀರನ್ನು ಮತ್ತೆ ಮೇಲೆತ್ತಿ, ಅಜ್ಜಂಪುರದ ಸುರಂಗ ದಾಟಿಸಿ, ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು ಮತ್ತು ದಾವಣಗೆರೆ ಜಿಲ್ಲೆಗಳ ಬರಡು ತಾಲ್ಲೂಕುಗಳಿಗೆ ಹರಿಸಬೇಕು. ಹನಿ ನೀರಾವರಿಯಿಂದ 2,25,515 ಹೆಕ್ಟೇರ್ ಭೂಮಿಗೆ ನೀರು, ಜೊತೆಗೆ 367 ಕೆರೆಗಳಿಗೆ ಅವುಗಳ ಸಾಮರ್ಥ್ಯದ ಅರ್ಧದಷ್ಟು ನೀರು ಎಂಬುದು ಯೋಜನೆಯ ಮಾತು. ಕೆರೆಗಳ ಈ ಅಂಕಿಯನ್ನು ನಾನು ಆಗ ಬರೆದುಕೊಂಡಿರಲಿಲ್ಲ, ಶಾಸಕರೂ ಅದನ್ನು ಹೆಚ್ಚು ಗಮನಿಸಿದಂತೆ ಕಾಣಲಿಲ್ಲ.

ತರೀಕೆರೆಯಿಂದ ಅಜ್ಜಂಪುರದ ಕಡೆಗೆ ಹೋಗುವಾಗ ನಡೆದದ್ದನ್ನು ನೆನೆದರೆ ಈಗಲೂ ಕಿರಿಕಿರಿಯಾಗುತ್ತದೆ. ಫೋನಿನ ನಕ್ಷೆ ಕಾಲುವೆಯ ಪಕ್ಕದ ಮಣ್ಣುದಾರಿಯನ್ನು ರಸ್ತೆಯೆಂದು ತೋರಿಸಿತು. ಚಾಲಕ ಅದನ್ನು ನಂಬಿದ. ದಾರಿ ಚೆನ್ನಾಗಿಯೇ ಸಾಗಿ, ಒಂದು ತಿರುವಿನಾಚೆ ಯಾವ ಸೂಚನಾಫಲಕವೂ ಇಲ್ಲದೆ ಮುಗಿದುಹೋಯಿತು; ಮುಂದೆ ಅಗೆಯದ ನೆಲ, ಪಕ್ಕದಲ್ಲಿ ಆಳದ ಕಂದಕ. ತಿರುಗಿಸಲು ಜಾಗವಿಲ್ಲದೆ ಕಾರನ್ನು ಬಹುದೂರ ಹಿಮ್ಮುಖವಾಗಿ ನಡೆಸಬೇಕಾಯಿತು. ಅಜ್ಜಂಪುರದ ಸಭೆಗೆ ಹೋಗುವಷ್ಟರಲ್ಲಿ ಜನ ಅರ್ಧ ಎದ್ದುಹೋಗಿದ್ದರು. ಈ ಸೀಮೆಗೆ ಹೋಗುವವರಿಗೆ ನನ್ನ ಸಲಹೆಯಿಷ್ಟೇ: ಕಾಲುವೆಯ ಪಕ್ಕದ ದಾರಿ ಎಷ್ಟೇ ಅಗಲವಾಗಿ ಕಂಡರೂ ಇಳಿಯಬೇಡಿ, ಕುರಿ ಮೇಯಿಸುವವರನ್ನು ಕೇಳಿ ಮುಂದುವರಿಯಿರಿ.

ಆ ಭಾಗದಲ್ಲಿ ಕಾಲುವೆ ಹೀಗೆ ತುಂಡಾಗುವುದಕ್ಕೆ ದೆಹಲಿಯಿಂದ ಹಣ ಬಾರದಿರುವುದೊಂದೇ ಕಾರಣವಲ್ಲ. ಅಬ್ಬಿನಹೊಳಲು ಬಳಿ ಎರಡು ಕಿಲೋಮೀಟರ್‌ಗೂ ಕಡಿಮೆ ಉದ್ದದ ಕಾಮಗಾರಿ, ಜಮೀನಿನ ಪರಿಹಾರದ ವಿವಾದದಿಂದ ವರ್ಷಗಟ್ಟಲೆ ನಿಂತಿತ್ತು. ಭೂಮಿ ಕಳೆದುಕೊಳ್ಳುವವರು ಸರಿಯಾದ ಬೆಲೆ ಕೇಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಸಾವಿರಾರು ಕೋಟಿಯ ಜಗಳದ ಸದ್ದಿನಲ್ಲಿ ಈ ಸಣ್ಣ ತುಂಡಿನ ಮಾತು ರಾಜಧಾನಿಯವರೆಗೆ ಕೇಳಿಸುವುದೇ ಇಲ್ಲ. ಶಾಸಕರು ಇದನ್ನು ತಮ್ಮ ಭಾಷಣದಲ್ಲಿ ಸೇರಿಸಿರಲಿಲ್ಲ. ಏಕೆಂದು ಕೇಳಿದ್ದಕ್ಕೆ, ಅದು ಇನ್ನೊಬ್ಬರ ಕ್ಷೇತ್ರವೆಂದರು.

ಹೊಸದುರ್ಗದ ಕಡೆ ಕಳೆದ ದಿನದ ಬಗ್ಗೆ ಹೇಳುವಂಥದ್ದು ಏನೂ ಇಲ್ಲ. ಮೂರು ಸಭೆ, ಮೂರು ಪೇಟ. ವಾಣಿವಿಲಾಸ ಸಾಗರದ ಬಗ್ಗೆ ಮಾತ್ರ ಎರಡು ಮಾತು ಬರೆಯದೆ ಇರಲಾರೆ. ವೇದಾವತಿಗೆ ಅಡ್ಡಲಾಗಿ, ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ 1898ರಿಂದ 1907ರವರೆಗೆ ಕಟ್ಟಿದ ಈ ಅಣೆಕಟ್ಟನ್ನು ಜನ ಇಂದಿಗೂ ಮಾರಿಕಣಿವೆ ಎಂದೇ ಕರೆಯುತ್ತಾರೆ. 1933ರಲ್ಲಿ ಕೋಡಿ ಬಿದ್ದದ್ದು ಮತ್ತೆ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ನಂತರ. ಕಲ್ಲಿನ ಆ ಕಟ್ಟಡದ ಅಂದವನ್ನು ಎಷ್ಟು ಹೊಗಳಿದರೂ ಸಾಲದು. ಸುತ್ತ ಹಾಕಿರುವ ಬಣ್ಣಬಣ್ಣದ ಅಲಂಕಾರ ಮಾತ್ರ ನನಗೆ ಹಿಡಿಸಲಿಲ್ಲ. 2019ರಿಂದ ಭದ್ರೆಯ ನೀರನ್ನು ಎತ್ತಿ ಹಳ್ಳ ಮತ್ತು ವೇದಾವತಿಯ ಮೂಲಕ ಇಲ್ಲಿಗೆ ಹರಿಸುತ್ತಿದ್ದಾರೆ. ಈ ಅಣೆಕಟ್ಟಿರುವ ಹಿರಿಯೂರಿನವರು ಅದೃಷ್ಟವಂತರೆಂಬ ಮಾತು ಮುಂದಿನ ಊರುಗಳಲ್ಲೆಲ್ಲ ಕೇಳಿಬಂತು.

ಇನ್ನು ಆ ಹಾಳೆಯ ವಿಷಯ. ಶಾಸಕರು ಪ್ರತಿ ಸಭೆಯಲ್ಲಿಯೂ ಎರಡು ಬದಿ ಅಚ್ಚಾದ ಒಂದು ಹಾಳೆಯನ್ನು ಹಂಚುತ್ತಿದ್ದರು. ಹದಿನಾಲ್ಕನೆಯ ಹಣಕಾಸು ಆಯೋಗದ ಕಾಲದಲ್ಲಿ ರಾಜ್ಯಗಳಿಗೆ ಹಂಚುವ ತೆರಿಗೆಯಲ್ಲಿ ಕರ್ನಾಟಕದ ಪಾಲು ಶೇ 4.713 ಇದ್ದದ್ದು ಹದಿನೈದನೆಯ ಆಯೋಗದಲ್ಲಿ ಶೇ 3.647ಕ್ಕೆ ಇಳಿಯಿತು, ತಲಾ ಆದಾಯದ ಅಂತರಕ್ಕೆ ಶೇ 45ರ ತೂಕ ಕೊಟ್ಟದ್ದರಿಂದ ಹೆಚ್ಚು ಆದಾಯದ ರಾಜ್ಯಗಳಿಗೆ ನಷ್ಟವಾಯಿತು, ತೆರಿಗೆಯ ಮೇಲೆ ಕೇಂದ್ರ ಹೆಚ್ಚುವರಿಯಾಗಿ ವಿಧಿಸುವ ಸೆಸ್ ಮತ್ತು ಸರ್ಚಾರ್ಜ್ ಹಂಚಿಕೆಯ ಲೆಕ್ಕಕ್ಕೇ ಬರುವುದಿಲ್ಲ, 2023ರ ಕೇಂದ್ರ ಬಜೆಟ್‌ನಲ್ಲಿ ಭದ್ರಾ ಮೇಲ್ದಂಡೆಗೆ ಘೋಷಿಸಿದ 5,300 ಕೋಟಿ ರೂಪಾಯಿ ಬಂದಿಲ್ಲ, ಬರ ಪರಿಹಾರಕ್ಕೆ ರಾಜ್ಯ ಕೇಳಿದ 18,171 ಕೋಟಿಯಲ್ಲಿ ಬಿಡಿಗಾಸೂ ಬಂದಿಲ್ಲ ಎಂದು ಅದರಲ್ಲಿತ್ತು. ಹಾಳೆಯ ಹಿಂಬದಿಯಲ್ಲಿ ಕೇಂದ್ರದ ವಾದವೂ ಇತ್ತು: ತೆರಿಗೆ ಪಾಲು ಆಯೋಗದ ಶಿಫಾರಸಿನಂತೆ ಹೋಗುತ್ತದೆ, ಅದನ್ನು ಬದಲಿಸುವ ಅಧಿಕಾರ ಹಣಕಾಸು ಸಚಿವರಿಗಿಲ್ಲ; ರಾಜ್ಯ ಪದೇಪದೇ ಕೇಳುವ 5,495 ಕೋಟಿಯ ವಿಶೇಷ ಅನುದಾನ ಆಯೋಗದ ಅಂತಿಮ ವರದಿಯಲ್ಲಿ ಇರಲಿಲ್ಲ. ಎದುರಾಳಿಯ ಮಾತನ್ನೂ ತನ್ನ ಖರ್ಚಿನಲ್ಲಿ ಅಚ್ಚು ಹಾಕಿಸುವ ರಾಜಕಾರಣಿಯನ್ನು ನಾನು ಹಿಂದೆ ನೋಡಿರಲಿಲ್ಲ. ಈ ಹಾಳೆಯನ್ನು ಯಾರೂ ಓದಲಾರರೆಂದುಕೊಂಡಿದ್ದೆ. ಓದಿದರು, ಅದೂ ಬೆರಳಿಟ್ಟು ಸಾಲುಸಾಲಾಗಿ.

ಚಳ್ಳಕೆರೆ ಸೀಮೆಯ ಒಂದು ಊರಿನಲ್ಲಿ ಸಭೆ ಕೆರೆಯ ಏರಿಯ ಮೇಲೆಯೇ ಏರ್ಪಾಡಾಗಿತ್ತು. ಕೆರೆಯ ಅಂಗಳದಲ್ಲಿ ಜಾಲಿ ಬೆಳೆದಿತ್ತು, ನಡುವೆ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಭಾಷಣ ಮುಗಿದು ಚಹಾ ಬರುವ ಹೊತ್ತಿಗೆ, ಹಿಂದೆ ಪಂಚಾಯಿತಿ ಸದಸ್ಯೆಯಾಗಿದ್ದವರು, ಈಗ ಶೇಂಗಾ ಬೆಳೆ ಕೈಕೊಟ್ಟು ಕುರಿ ನೆಚ್ಚಿಕೊಂಡಿರುವವರು, ಹಾಳೆಯನ್ನು ಮಡಚದೆ ಕೈಯಲ್ಲೇ ಹಿಡಿದುಕೊಂಡು ಎದ್ದು ನಿಂತರು.

"ಸ್ವಾಮಿ, ಇದರಲ್ಲಿ 367 ಕೆರೆ ಅಂತ ಬರೆದೈತೆ. ಅದರಾಗೆ ನಮ್ಮ ಕೆರೆ ಎಷ್ಟನೇದು?"

ನಿಮ್ಮ ಕೆರೆ ಪಟ್ಟಿಯಲ್ಲಿದೆ ಎಂದರು ಶಾಸಕರು.

"ಪಟ್ಟಿಯಾಗೆ ಇರೋದು ನನಗೂ ಗೊತ್ತು. ಎಷ್ಟನೇದು ಅಂತ ಕೇಳಿದ್ದು."

ಪಟ್ಟಿಯ ಕ್ರಮಸಂಖ್ಯೆಗೂ ನೀರು ತಲುಪುವ ಸರದಿಗೂ ಸಂಬಂಧವಿಲ್ಲವೆಂದು ಶಾಸಕರು ವಿವರಿಸಿದರು. ಹಾಗಾದರೆ ಆ ಸರದಿಯ ಪಟ್ಟಿ ಯಾರ ಬಳಿ ಇದೆಯೆಂದು ಆಕೆ ಕೇಳಿದರು. ಎಂಜಿನಿಯರುಗಳ ಬಳಿ ಇರಬಹುದು, ಆದರೆ ಹಣ ಬಾರದೆ ಸರದಿ ನಿಗದಿಪಡಿಸುವುದು ಕಷ್ಟ, ಆದ್ದರಿಂದಲೇ ಮೊದಲು 5,300 ಕೋಟಿ ಬರಲಿ ಎಂದು ಹೋರಾಡುತ್ತಿರುವುದು ಎಂದು ಶಾಸಕರು ಮಾತನ್ನು ಮತ್ತೆ ತಮ್ಮ ಹಾದಿಗೆ ಎಳೆದರು. ಅಲ್ಲಿಗೆ ಮುಗಿಯಿತೆಂದುಕೊಂಡೆವು.

"ಬಂತು ಅಂತಲೇ ಇಟ್ಕಳ್ಳಿ," ಎಂದರು ಆಕೆ. "ಇವತ್ತು ರಾತ್ರಿ ಅಷ್ಟೂ ಕೋಟಿ ಬಂದು ಬಿತ್ತು. ನಾಳೆ ಬೆಳಗ್ಗೆ ಮೊದಲ ಗುದ್ದಲಿ ಎಲ್ಲಿ ಬೀಳ್ತೈತೆ?"

ಯಾರೂ ನಗಲಿಲ್ಲ. ಶಾಸಕರು ಪಕ್ಕದಲ್ಲಿದ್ದ ಸಹಾಯಕನ ಮುಖ ನೋಡಿದರು, ಸಹಾಯಕ ಫೋನು ನೋಡಿದ. ಕೊನೆಗೆ, "ನನಗೆ ಗೊತ್ತಿಲ್ಲ" ಎಂದರು. ಇಡೀ ಪ್ರಯಾಣದಲ್ಲಿ ನಾನು ಅತ್ಯಂತ ಮೆಚ್ಚಿದ ಮಾತು ಅದೇ. ಅದನ್ನು ಹೇಳಿದ ಮೇಲೆ ಸಭೆಯ ಧಾಟಿಯೇ ಬದಲಾಯಿತು. ಅಲ್ಲಿಯವರೆಗೆ ಕೇಳುತ್ತ ಕುಳಿತಿದ್ದವರು ಒಬ್ಬೊಬ್ಬರಾಗಿ ಮಾತನಾಡತೊಡಗಿದರು. ಒಬ್ಬ ಮುದುಕರು, ಕೆರೆಯನ್ನು ಅರ್ಧ ತುಂಬಿಸುತ್ತೇವೆ ಎಂದಿದ್ದೀರಿ, ಅರ್ಧ ಕೆರೆಯಲ್ಲಿ ಹೂಳೇ ತುಂಬಿದೆ, ನಿಮ್ಮ ಲೆಕ್ಕ ಹೂಳು ಸೇರಿಸಿಯೋ ಬಿಟ್ಟೋ ಎಂದು ಕೇಳಿದರು. ಕಾಗದದಲ್ಲಿರುವ ಸಾಮರ್ಥ್ಯ ಕೆರೆ ಕಟ್ಟಿದ ಕಾಲದ್ದೇ, ಇಂದಿನದೇ ಎಂಬ ಈ ಪ್ರಶ್ನೆಯನ್ನು ವಿಧಾನಸಭೆಯಲ್ಲಿ ಯಾರಾದರೂ ಕೇಳಿದ್ದಾರೆಯೇ ಎಂದು ನಾನು ಶಾಸಕರನ್ನು ಆಮೇಲೆ ವಿಚಾರಿಸಿದೆ, ಅವರಿಗೆ ನೆನಪಾಗಲಿಲ್ಲ. ಇನ್ನೊಬ್ಬ ಯುವಕ, ನೀರು ಬರುವುದು ಬಂದಾಗ ಬರಲಿ, ಕೆರೆ ಒಣಗಿರುವಾಗಲೇ ಹೂಳು ತೆಗೆಸಿ, ಉದ್ಯೋಗ ಖಾತರಿಯ 316 ರೂಪಾಯಿ ಕೂಲಿಗೆ ಇಡೀ ಊರು ಬರುತ್ತದೆ ಎಂದ. ನೂರು ದಿನಗಳ ಮಿತಿಯನ್ನು ಬರದ ತಾಲ್ಲೂಕುಗಳಲ್ಲಿ ನೂರೈವತ್ತಕ್ಕೆ ಏರಿಸುವಂತೆ ರಾಜ್ಯ ಕೇಂದ್ರವನ್ನು ಕೇಳಿದೆ ಎಂದು ಶಾಸಕರು ಹೇಳಿದಾಗ, "ಅದೂ ದೆಹಲಿಯಾಗೇ ಐತಾ?" ಎಂದು ಹಿಂದಿನಿಂದ ಒಂದು ಧ್ವನಿ ಬಂತು.

ಆ ಹೆಂಗಸು ಮಾತ್ರ ತಮ್ಮ ಪ್ರಶ್ನೆಯನ್ನು ಬಿಡಲಿಲ್ಲ. ಹೊರಡುವಾಗ ಕಾರಿನ ಕಿಟಕಿಯ ಬಳಿ ಬಂದು ಮತ್ತೆ ಹೇಳಿದರು: ಸರದಿ ತಿಳಿದರೆ ಬೋರ್‌ವೆಲ್‌ಗೆ ಸಾಲ ಮಾಡಬೇಕೋ ಕಾಯಬೇಕೋ ಎಂದು ತೀರ್ಮಾನಿಸಬಹುದು, ಕುರಿಗಳನ್ನು ಮಾರಬೇಕೋ ಇಟ್ಟುಕೊಳ್ಳಬೇಕೋ ಎಂದು ಯೋಚಿಸಬಹುದು, ಹತ್ತು ವರ್ಷ ತಡ ಎಂದರೂ ಬೇಸರವಿಲ್ಲ, ಆದರೆ ಬರುತ್ತದೆ ಎಂದಷ್ಟೇ ಹೇಳಿದರೆ ತಾವು ಏನನ್ನೂ ಮಾಡಲಾಗದು. ಯಾರು ಯಾರಿಗೆ ಎಷ್ಟು ಕೊಡಬೇಕು ಎಂಬ ಜಗಳವನ್ನು ಆಕೆ ಸುಳ್ಳೆನ್ನಲಿಲ್ಲ, ಅದರಲ್ಲಿ ರಾಜ್ಯದ ಪಕ್ಷವನ್ನೇ ಹಿಡಿದರು. ಆದರೆ ಹಣ ಬಂದ ಮರುದಿನದ ಯೋಚನೆ ಯಾರ ಬಳಿಯೂ ಸಿದ್ಧವಿಲ್ಲವೆಂಬುದು ಆಕೆಗೆ ಹಾಳೆಯ ಎರಡೂ ಬದಿ ಓದಿದ ಕೂಡಲೇ ತಿಳಿದುಹೋಗಿತ್ತು.

ಅಲ್ಲಿಂದ ಮುಂದಿನ ದಾರಿಯಲ್ಲಿ ಗೋಶಾಲೆಯೊಂದನ್ನು ನೋಡಿದೆವು. ಇಲ್ಲಿನ ಪಶುಪಾಲಕ ಸಮುದಾಯಗಳಾದ ಮ್ಯಾಸನಾಯಕರು ಮತ್ತು ಕಾಡುಗೊಲ್ಲರು ಸಾಕುವ ದೇವರ ಎತ್ತುಗಳನ್ನು ಮಾರುವಂತಿಲ್ಲ, ಹೂಡುವಂತಿಲ್ಲ. ಹಾಗಾಗಿ ಬರಗಾಲದಲ್ಲಿ ಅವುಗಳ ಹೊಟ್ಟೆ ತುಂಬಿಸುವುದು, ಅವುಗಳನ್ನು ಕಾಯುವ ಕಿಲಾರಿಗಳಿಗೆ ದೊಡ್ಡ ಚಿಂತೆ. ಮೇವಿನ ಸಿವುಡು ಎಣಿಸುತ್ತಿದ್ದ ಕಿಲಾರಿಯೊಬ್ಬರು ಶಾಸಕರ ಕಡೆ ತಲೆಯೆತ್ತಿಯೂ ನೋಡಲಿಲ್ಲ. ಹಾಳೆಯನ್ನು ಕೊಡಲು ಶಾಸಕರಿಗೂ ಮನಸ್ಸಾಗಲಿಲ್ಲ.

ಮೊಳಕಾಲ್ಮೂರಿನಲ್ಲಿ ಬ್ರಹ್ಮಗಿರಿಯ ಅಶೋಕನ ಶಾಸನವನ್ನು ನೋಡಿಬರಬೇಕೆಂಬ ನನ್ನ ಆಸೆ ಸಭೆಗಳ ನಡುವೆ ತಪ್ಪಿಹೋಯಿತು. ಕಡೆಯ ಸಭೆಯಲ್ಲಿ ಶಾಸಕರು ತಮ್ಮ ಮಾತಿನ ಕ್ರಮವನ್ನು ತಲೆಕೆಳಗು ಮಾಡಿದರು. ತೆರಿಗೆ ಪಾಲಿನ ಶೇಕಡಾವಾರು ಲೆಕ್ಕ ಕೊನೆಗೆ ಹೋಯಿತು. ಮೊದಲ ವಾಕ್ಯವೇ, ನಿಮ್ಮ ಕೆರೆಗೆ ನೀರು ಯಾವ ವರ್ಷ ಬರುತ್ತದೆಂದು ನನಗೆ ತಿಳಿಯದು, ತಿಳಿದುಕೊಳ್ಳಲು ಪತ್ರ ಬರೆಯುತ್ತೇನೆ ಎಂಬುದಾಗಿತ್ತು. ಹಾಗಿದ್ದರೆ ಈಗ ಬಂದದ್ದೇಕೆ ಎಂದು ಒಬ್ಬರು ಒರಟಾಗಿ ಕೇಳಿದರು. ಉಳಿದವರು ಅವರನ್ನು ಸುಮ್ಮನಾಗಿಸಲು ನೋಡಿದರು. ನನಗೇನೋ ಅದು ನ್ಯಾಯವಾದ ಪ್ರಶ್ನೆಯೆಂದೇ ಅನಿಸಿತು. ಶಾಸಕರು ತಮ್ಮ ಪ್ರದೇಶಾಭಿವೃದ್ಧಿ ನಿಧಿಯ ವರ್ಷದ ಎರಡು ಕೋಟಿಯಲ್ಲಿ ಹೂಳೆತ್ತಲು ಎಷ್ಟು ಕೊಡಬಹುದೆಂಬ ಲೆಕ್ಕವನ್ನು ಅಲ್ಲಿಯೇ ಕೂತು ಹಾಕಿದರು. ದೊಡ್ಡ ಮೊತ್ತವೇನೂ ಆಗಲಿಲ್ಲ. ಆದರೆ ಯಾವ ಕೆರೆ ಮೊದಲು, ಯಾವುದು ಆಮೇಲೆ ಎಂದು ಜನರೆದುರೇ ಬರೆದರು, ಮತ್ತು ಮೂರನೆಯ ಕೆರೆಯ ಊರಿನವರು ಎದ್ದು ಜಗಳವಾಡಿದರು. ಸರದಿಯ ಪಟ್ಟಿಯನ್ನು ಸರ್ಕಾರಗಳು ಬಹಿರಂಗವಾಗಿ ಇಡಲು ಏಕೆ ಹಿಂಜರಿಯುತ್ತವೆ ಎಂಬುದು ನನಗೆ ಆ ಜಗಳದಲ್ಲಿ ಅರ್ಥವಾಯಿತು.

ನಾವು ಹಿಂದಿರುಗಿದ ಮೇಲೆ, ಮಾರ್ಚ್ ತಿಂಗಳಲ್ಲಿ ರಾಜ್ಯ ಸರ್ಕಾರ ಬರ ಪರಿಹಾರಕ್ಕಾಗಿ ಸುಪ್ರೀಂ ಕೋರ್ಟಿನ ಮೊರೆ ಹೋಯಿತು. ಏಪ್ರಿಲ್ ಕೊನೆಯಲ್ಲಿ ಕೇಂದ್ರ 3,454 ಕೋಟಿ ರೂಪಾಯಿ ಬಿಡುಗಡೆ ಮಾಡಿತು. ಕೇಳಿದ್ದರ ಐದನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಆಗಲೂ ಮೇಲ್ದಂಡೆಯ ಹಣದ ಸುದ್ದಿಯಿರಲಿಲ್ಲ. ಕೆರೆಗಳ ಸರದಿ ಕೇಳಿ ಶಾಸಕರು ಬರೆದ ಪತ್ರಕ್ಕೆ, ನಾನು ಇದನ್ನು ಬರೆಯುತ್ತಿರುವ 2024ರ ಮೇ ತಿಂಗಳವರೆಗೂ, ಸಂಬಂಧಪಟ್ಟವರಿಂದ ಉತ್ತರ ಬಂದಿಲ್ಲ. ಉತ್ತರ ಕೈಗೆ ಬಂದ ಮೇಲೆಯೇ ಆ ಏರಿಯ ಊರಿಗೆ ಮತ್ತೆ ಹೋಗೋಣವೆಂಬುದು ಶಾಸಕರ ಅಭಿಪ್ರಾಯ. ಬಂದಿಲ್ಲವೆಂದು ಹೇಳುವುದಕ್ಕಾದರೂ ಮಳೆಗೆ ಮುಂಚೆ ಹೋಗಬೇಕೆಂಬುದು ನನ್ನದು. ಈ ಬಗ್ಗೆ ನಾವಿಬ್ಬರೂ ಇನ್ನೂ ಒಪ್ಪಿಲ್ಲ.