ಸೀಸೆಯೊಳಗೆ ಕಂಡ ಬಿಕಿನಿ

ಟೋಕಿಯೊದ ಶಿನ್-ಕಿಬಾ ನಿಲ್ದಾಣದಲ್ಲಿ ಇಳಿದು ಸ್ವಲ್ಪ ದೂರ ನಡೆದರೆ ಯುಮೆನೊಶಿಮಾ ಉದ್ಯಾನ ಸಿಗುತ್ತದೆ. ಊರಿನ ಕಸ ಸುರಿದು ಸಮುದ್ರ ತುಂಬಿಸಿ ಮಾಡಿದ ನೆಲ ಅದು. ಅಲ್ಲಿ ಒಂದು ಮರದ ದೋಣಿಗೋಸ್ಕರವೇ ಕಟ್ಟಡವೊಂದಿದೆ. ಕೆಲಸಕ್ಕೆಂದು ಈ ನಗರಕ್ಕೆ ಬಂದು ಮೂರು ವರ್ಷವಾದ ಮೇಲೆ, ಕಳೆದ ಭಾನುವಾರ ಅಲ್ಲಿಗೆ ಹೋದೆ.

ನಾನು ಗಂಗೊಳ್ಳಿಯವನು. ದೋಣಿ ಕಂಡರೆ ಮೊದಲು ಹಲಗೆಗಳ ಜೋಡಣೆಯನ್ನೇ ನೋಡುತ್ತೇನೆ. ಸುಮಾರು 30 ಮೀಟರ್ ಉದ್ದದ ಈ ದೋಣಿಯ ಹೆಸರು ಡೈಗೊ ಫುಕುರ್ಯು ಮಾರು. 1954ರಲ್ಲಿ ಯಾಯಿಜು ಬಂದರಿನಿಂದ 23 ಮಂದಿ ಇದರಲ್ಲಿ ಟ್ಯೂನಾ ಹಿಡಿಯಲು ಹೋಗಿದ್ದರು. ಮಾರ್ಚ್ 1ರ ನಸುಕಿನಲ್ಲಿ ಅವರು, ಪೆಸಿಫಿಕ್ ಸಾಗರದ ಮಾರ್ಷಲ್ ದ್ವೀಪಗಳಲ್ಲಿ ಅಮೆರಿಕ ಅಣುಬಾಂಬುಗಳನ್ನು ಪರೀಕ್ಷಿಸುತ್ತಿದ್ದ ಬಿಕಿನಿ ಹವಳದ್ವೀಪದಿಂದ ಪೂರ್ವಕ್ಕೆ ಸುಮಾರು 160 ಕಿ.ಮೀ. ದೂರದಲ್ಲಿದ್ದರು. ಹೋಗಬಾರದೆಂದು ಅಮೆರಿಕ ಸಾರಿದ್ದ ಗಡಿಯ ಹೊರಗೇ ಇದ್ದರು. ಪಶ್ಚಿಮದ ಆಕಾಶ ಇದ್ದಕ್ಕಿದ್ದಂತೆ ಬೆಳಗಿತು. ಕೆಲವು ನಿಮಿಷ ಕಳೆದು ಸದ್ದು ಬಂತು. ಎರಡು ಮೂರು ಗಂಟೆಯ ನಂತರ ಬಿಳಿ ಪುಡಿ ಉದುರತೊಡಗಿತು. ಅವರು ಗಾಳದ ಹಗ್ಗ ಎಳೆಯುತ್ತಲೇ ಇದ್ದರು. ಸಾವಿರ ಮೈಲಿ ದಾಟಿ ಬಂದವರು ಹಗ್ಗವನ್ನು ಕಡಿದು ಬಿಟ್ಟುಹೋಗುವುದಿಲ್ಲ. ನಮ್ಮಲ್ಲಿ ದೋಣಿ ನಡೆಸುವ ತಾಂಡೇಲರೂ ಹಾಗೆಯೇ ಮಾಡುತ್ತಿದ್ದರು. ಪುಡಿ ತಲೆಯ ಮೇಲೆ ಬಿತ್ತು, ಕಣ್ಣಿಗೆ ಬಿತ್ತು. ಇದೇನೆಂದು ಒಬ್ಬರು ನಾಲಿಗೆಗೂ ಹಚ್ಚಿ ನೋಡಿದ್ದರಂತೆ.

ಆ ಪುಡಿ ಅಲ್ಲಿ ಒಂದು ಪುಟ್ಟ ಸೀಸೆಯಲ್ಲಿದೆ. ದೋಣಿ ನೋಡಲು ಹೋದ ನಾನು ಹೆಚ್ಚು ಹೊತ್ತು ನಿಂತದ್ದು ಅದರ ಮುಂದೆ.

ಅದು ನನಗೆ ಗೊತ್ತಿದ್ದ ವಸ್ತು. ನನ್ನ ಅಮ್ಮಮ್ಮ ವೀಳ್ಯಕ್ಕೆ ಹಚ್ಚುತ್ತಿದ್ದುದು ಚಿಪ್ಪಿನ ಸುಣ್ಣ. ಹೊಳೆಯಲ್ಲಿ ಹೆಕ್ಕಿದ ಕಪ್ಪೆಚಿಪ್ಪನ್ನು ಗೂಡಿನಲ್ಲಿ ಸುಟ್ಟು, ನೀರು ಹಾಕಿ ಅರಳಿಸಿದರೆ ಹಿಟ್ಟಿನಂಥ ಬಿಳಿ ಪುಡಿಯಾಗುತ್ತದೆ. ಹವಳವೂ ಚಿಪ್ಪಿನಂತೆಯೇ ಕ್ಯಾಲ್ಸಿಯಂ ಕಾರ್ಬೊನೇಟ್. ಬ್ರಾವೊ ಎಂಬ ಆ ಜಲಜನಕ ಬಾಂಬನ್ನು ಹವಳದ ದಿಬ್ಬದ ಮೇಲೆಯೇ ಸಿಡಿಸಿದ್ದರು. ಸಿಡಿತದ ಶಕ್ತಿ ಸುಮಾರು 6 ಮೆಗಾಟನ್ ಎಂದು ಲೆಕ್ಕ ಹಾಕಿದ್ದು 15 ಮೆಗಾಟನ್ ಆಯಿತು; ಬಾಂಬಿನ ಇಂಧನದಲ್ಲಿದ್ದ, ಉರಿಯುವುದಿಲ್ಲ ಎಂದುಕೊಂಡಿದ್ದ ಲಿಥಿಯಂ-7 ಕೂಡ ಉರಿಯಿತು. ಸುಮಾರು 2 ಕಿ.ಮೀ. ಅಗಲದ ಗುಂಡಿ ಬಿತ್ತು. ಅಲ್ಲಿದ್ದ ಹವಳವೆಲ್ಲ ಸುಟ್ಟು ಸುಣ್ಣವಾಗಿ, ಬಾಂಬಿನ ವಿಕಿರಣದ ವಿಷವನ್ನು ಮೈಗೆ ಹಚ್ಚಿಕೊಂಡು ಮೇಲೇರಿ, ಗಾಳಿಯ ಜೊತೆ ಪೂರ್ವಕ್ಕೆ ಹೋಯಿತು. ಆ ಮೀನುಗಾರರ ಮೇಲೆ ಬಿದ್ದದ್ದು ಬಿಕಿನಿಯ ನೆಲವೇ. ಅದನ್ನು ಮೈಯಲ್ಲಿ, ಹಲಗೆಗಳ ಸಂದಿಯಲ್ಲಿ ಹೊತ್ತು ಎರಡು ವಾರದ ನಂತರ ಅವರು ಊರು ಸೇರಿದರು. ಅಮೆರಿಕ ಗುಟ್ಟಾಗಿಟ್ಟಿದ್ದ ಬಾಂಬು ಎಂಥದ್ದೆಂದು ಜಪಾನಿನ ರಸಾಯನಶಾಸ್ತ್ರಜ್ಞರಿಗೆ ಸುಳಿವು ಕೊಟ್ಟದ್ದೂ ಈ ಪುಡಿಯೇ.

ಅದೇ ಪುಡಿ ಮಾರ್ಷಲ್ ದ್ವೀಪಗಳಲ್ಲೇ ಒಂದಾದ, ಜನರಿದ್ದ ರೊಂಗೆಲಾಪ್ ದ್ವೀಪದ ಮೇಲೂ ಬಿದ್ದಿತ್ತು. ಮಕ್ಕಳು ಅದರಲ್ಲಿ ಆಡಿದರು. ಕುಡಿಯುವ ನೀರಿಗೂ ಅದು ಸೇರಿತು. ಅವರನ್ನು ಅಲ್ಲಿಂದ ಕರೆದೊಯ್ಯಲು ಹಡಗು ಬಂದದ್ದು ಎರಡು ದಿನ ಕಳೆದ ಮೇಲೆ. ಎರಡು ದಿನ! ಇದನ್ನು ಓದಿದಾಗ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಅದೇ ಏಪ್ರಿಲ್‌ನಲ್ಲಿ ನೆಹರೂ ಲೋಕಸಭೆಯಲ್ಲಿ ಇಂಥ ಪರೀಕ್ಷೆಗಳನ್ನು ನಿಲ್ಲಿಸಬೇಕೆಂದು ಕೇಳಿದರು. ಮಾರ್ಷಲ್ ದ್ವೀಪದವರು ವಿಶ್ವಸಂಸ್ಥೆಗೆ ಮನವಿ ಕಳಿಸಿದರು. ಪರೀಕ್ಷೆಗಳು 1958ರವರೆಗೂ ನಡೆದವು. ಬಿಕಿನಿಯೊಂದರಲ್ಲೇ ಒಟ್ಟು 23.

ದೋಣಿಯ ರೇಡಿಯೊ ನಿರ್ವಾಹಕ ಐಕಿಚಿ ಕುಬೊಯಾಮಾ ಅದೇ ಸೆಪ್ಟೆಂಬರ್ 23ರಂದು ತೀರಿಕೊಂಡರು, 40ನೇ ವಯಸ್ಸಿನಲ್ಲಿ. ಅಣುಬಾಂಬು, ಜಲಜನಕ ಬಾಂಬುಗಳಿಗೆ ತಾನೇ ಕೊನೆಯ ಬಲಿಯಾಗಲಿ ಎಂಬ ಅವರ ಮಾತನ್ನು ಹೊರಗೆ ಕಲ್ಲಿನಲ್ಲಿ ಕೆತ್ತಿದ್ದಾರೆ.

ರಾತ್ರಿ ಊರಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಅಪ್ಪಯ್ಯ ಮೊದಲು ಕೇಳಿದ್ದು ಮೀನಿನ ಬಗ್ಗೆ. ಟೋಕಿಯೊದ ಸುಕಿಜಿ ಮಾರುಕಟ್ಟೆಗೆ ಬಂದ ಮೀನನ್ನು ಅಲ್ಲೇ ನೆಲದಲ್ಲಿ ಹೂತರು ಎಂದೆ. ಸ್ವಲ್ಪ ಹೊತ್ತು ಅವರು ಮಾತಾಡಲಿಲ್ಲ. ಆಮೇಲೆ, "ಆ ದ್ವೀಪದವರು ಊರಿಗೆ ಹೋದರಾ?" ಎಂದು ಕೇಳಿದರು.

ಬಿಕಿನಿಯವರನ್ನು ಪರೀಕ್ಷೆಗಳಿಗೆಂದು 1946ರಲ್ಲೇ ಎಬ್ಬಿಸಿದ್ದರು, 167 ಜನರನ್ನು. ಮನುಕುಲದ ಒಳಿತಿಗಾಗಿ, ಸ್ವಲ್ಪ ಕಾಲಕ್ಕೆ ಮಾತ್ರ ಎಂದು ಹೇಳಿ. ಮೊದಲು ಒಯ್ದ ರೊಂಗೆರಿಕ್ ದ್ವೀಪದಲ್ಲಿ ಹಸಿವಿನಿಂದ ಸಾಯುವ ಸ್ಥಿತಿ ಬಂತು. 1948ರಲ್ಲಿ ಕಿಲಿ ಎಂಬ ಒಂಟಿ ದ್ವೀಪಕ್ಕೆ ಸಾಗಿಸಿದರು. ಮುಂದೆ ಕೆಲವರು ಬಿಕಿನಿಗೆ ಮರಳಿ ತೆಂಗು ನೆಟ್ಟರು. ಅವರು ಉಣ್ಣುವುದರಲ್ಲಿ ಬಾಂಬುಗಳು ಬಿಟ್ಟುಹೋದ, ವಿಕಿರಣ ಸೂಸುವ ಸೀಸಿಯಂ-137 ಸೇರಿದೆಯೆಂದು 1978ರಲ್ಲಿ ಮತ್ತೆ ಹೊರಗೆ ಕಳಿಸಿದರು. ಬಿಕಿನಿಯಲ್ಲಿ ಹವಳದ ಗೋಡೆಯೊಳಗೆ ಸುಮಾರು 600 ಚದರ ಕಿ.ಮೀ. ಶಾಂತವಾದ ನೀರಿತ್ತು. ಕಿಲಿಗೆ ಅಂಥ ಒಳನೀರೇ ಇಲ್ಲ. ನೇರವಾಗಿ ಸಮುದ್ರದ ಅಲೆ.

ಅಪ್ಪಯ್ಯನಿಗೆ ಉಳಿದದ್ದಕ್ಕಿಂತ ಈ ಮಾತು ತಟ್ಟಿತು. ಮಳೆಗಾಲದಲ್ಲಿ ಅಳಿವೆ ಕೆಟ್ಟಾಗ ದೋಣಿಗಳನ್ನು ಮೇಲೆಳೆದು ಕೈಕಟ್ಟಿ ಕೂತ ಅನುಭವ ಅವರಿಗೆ ಎಷ್ಟೋ ಇದೆ. "ಹಾಗಾದರೆ ಅವರು ದೋಣಿ ಇಳಿಸುವುದು ಎಲ್ಲಿ?" ಎಂದರು. ಎಷ್ಟೋ ತಿಂಗಳು ಇಳಿಸಲು ಆಗುವುದಿಲ್ಲ ಅಪ್ಪಯ್ಯ, ಎಂದೆ.