ಹಳೇ ಜಿಪಿಎಸ್ಸು, ಹೊಸ ಪ್ಲಾಟರು: ಒಂದೇ ಬೋಟಲ್ಲಿ ಎರಡನ್ನೂ ಜೋಡಿಸ್ಬಹುದಾ?

ಮೇ ತಿಂಗಳು ಮುಗೀತಾ ಬಂತು ಅಂದ್ರೆ ನನ್ನ ಫೋನಿಗೆ ಒಂದೇ ಪ್ರಶ್ನೆ ಬೇರೆ ಬೇರೆಯವರ ಬಾಯಲ್ಲಿ ಬರ್ತದೆ. ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆಗೆ ರಜೆ, ಬೋಟುಗಳೆಲ್ಲ ದಕ್ಕೆಯಲ್ಲಿ ಸಾಲಾಗಿ ನಿಂತಿರ್ತವೆ, ಬಣ್ಣ ಹೊಡೆಯೋದು ಇಂಜಿನ್ ಬಿಚ್ಚೋದು ಬಲೆ ರಿಪೇರಿ ಎಲ್ಲ ಆಗೋದು ಆವಾಗಲೇ, ಕ್ಯಾಬಿನ್ ಒಳಗಿನ ಎಲೆಕ್ಟ್ರಾನಿಕ್ಸ್ ನೆನಪಾಗೋದೂ ಆವಾಗಲೇ. ಪ್ರಶ್ನೆ ಇಷ್ಟು (ಪ್ಲಾಟರ್ ಅಂದ್ರೆ ಬೋಟು ಎಲ್ಲಿದೆ ಅಂತ ಮ್ಯಾಪಲ್ಲಿ ತೋರಿಸುವ ಸ್ಕ್ರೀನು, ಎಕೋ ಸೌಂಡರ್ ಅಂದ್ರೆ ಶಬ್ದ ಕಳಿಸಿ ನೀರಿನ ಆಳ ಅಳೆಯುವ ಸಾಮಾನು): "ಹಳೇ ಜಿಪಿಎಸ್ ಉಂಟು, ಎಕೋ ಸೌಂಡರ್ ಉಂಟು, ಎರಡಕ್ಕೂ ಏನೂ ಆಗ್ಲಿಲ್ಲ, ಈಗ ಹೊಸ ಪ್ಲಾಟರ್ ತಗೊಂಡೆ, ಅದರ ಹಿಂದೆ ಐದು ಪಿನ್ನಿನ ರೌಂಡ್ ಸಾಕೆಟ್ ಮಾತ್ರ ಉಂಟು, ಹಳೇ ತಂತಿ ಎಲ್ಲಿಗೆ ಕೊಡೋದು? ಹಳೇದೆಲ್ಲ ಗುಜರಿಗಾ ಮಾರಾಯ್ರೆ?"

ಗುಜರಿಗೆ ಹಾಕ್ಬೇಡಿ. ಜೋಡಿಸ್ಬಹುದು, ನಡುವೆ ಒಂದು ಸಣ್ಣ ಡಬ್ಬ ಬೇಕು ಅಷ್ಟೆ, ಅದಕ್ಕೆ ಗೇಟ್‌ವೇ ಅಂತ ಹೆಸರು. ಆದ್ರೆ ಒಂದು ತಂತಿ ಮಾತ್ರ ಹಳೇ ರೀತಿಯಲ್ಲೇ ಇರ್ಲಿ ಅಂತ ನಾನು ಹಟ ಹಿಡೀತೇನೆ, ಅದು ಯಾವುದು ಯಾಕೆ ಅಂತ ಕೊನೆಗೆ ಹೇಳ್ತೇನೆ, ಅದಕ್ಕೆ ಮೊದಲು ಈ ಎರಡು ಪದ್ಧತಿ ಎಂತದು ಅಂತ ಗೊತ್ತಾಗ್ಬೇಕು.

ಹಳೇದರ ಹೆಸರು ಎನ್‌ಎಂಇಎ 0183. ಅಮೆರಿಕದ ನ್ಯಾಷನಲ್ ಮರೀನ್ ಎಲೆಕ್ಟ್ರಾನಿಕ್ಸ್ ಅಸೋಸಿಯೇಷನ್ 1983ರಲ್ಲಿ ತಂದದ್ದು. ಬೇರೆ ಬೇರೆ ಕಂಪೆನಿಯ ಜಿಪಿಎಸ್, ಸೌಂಡರ್, ವಯರ್‌ಲೆಸ್ ಒಂದರ ಮಾತು ಇನ್ನೊಂದಕ್ಕೆ ಅರ್ಥ ಆಗ್ಲಿ ಅಂತ ಮಾಡಿದ ಒಪ್ಪಂದ. ಇದರಲ್ಲಿ ಮಾತಾಡೋದು ಒಬ್ಬ, ಕೇಳೋದು ಒಬ್ಬರಿಗಿಂತ ಜಾಸ್ತಿ ಜನ ಆದ್ರೂ ಆಗ್ತದೆ. ಜಿಪಿಎಸ್ಸಿನ ಔಟ್‌ಪುಟ್ ತಂತಿ ತಗೊಂಡು ಸೌಂಡರಿಗೆ, ವಯರ್‌ಲೆಸ್ಸಿಗೆ, ಎರಡಕ್ಕೂ ಕೊಡಬಹುದು, ಆದ್ರೆ ಜಿಪಿಎಸ್ ಮತ್ತು ಸೌಂಡರ್ ಎರಡರ ಔಟ್‌ಪುಟ್ಟನ್ನೂ ಒಂದೇ ತಂತಿಗೆ ಕಟ್ಟಿದ್ರೆ ಎರಡು ಜನ ಒಂದೇ ಮೈಕಲ್ಲಿ ಕೂಗಿದ ಹಾಗೆ, ಯಾರದ್ದೂ ಕೇಳೋದಿಲ್ಲ. ಮಾಹಿತಿ ಹೋಗೋದು ಅಕ್ಷರದ ಸಾಲಾಗಿ, ಡಾಲರ್ ಗುರುತಿನಿಂದ ಶುರುವಾಗಿ, ಯಾರು ಹೇಳ್ತಿರೋದು ಅಂತ ಎರಡು ಅಕ್ಷರ, ಯಾವ ವಿಷಯ ಅಂತ ಮೂರು ಅಕ್ಷರ, ಆಮೇಲೆ ಕಾಮಾ ಹಾಕಿ ಹಾಕಿ ಅಂಕಿಗಳು. ಜಿಪಿಆರ್‌ಎಂಸಿ ಅಂದ್ರೆ ಜಿಪಿಎಸ್ ಕಡೆಯಿಂದ ಜಾಗ, ಸ್ಪೀಡು, ದಿಕ್ಕು, ತಾರೀಕು. ಎಸ್‌ಡಿಡಿಬಿಟಿ ಅಂದ್ರೆ ಸೌಂಡರ್ ಕಡೆಯಿಂದ ಆಳ. ಲ್ಯಾಪ್‌ಟಾಪಿಗೆ ಕನೆಕ್ಟ್ ಮಾಡಿದ್ರೆ ಕಣ್ಣಲ್ಲೇ ಓದಬಹುದು, ಇದು ನನಗೆ ಇವತ್ತಿಗೂ ತುಂಬ ಇಷ್ಟ. ಸ್ಪೀಡು ಮಾತ್ರ ಕಮ್ಮಿ, ಸೆಕೆಂಡಿಗೆ 4800 ಬಿಟ್, ಒಂದು ಅಕ್ಷರಕ್ಕೆ ಹತ್ತು ಬಿಟ್ ಹಿಡೀತದೆ, ಅಂದ್ರೆ ಸೆಕೆಂಡಿಗೆ 480 ಅಕ್ಷರ, ಒಂದು ಸಾಲು ಎಪ್ಪತ್ತು ಅಕ್ಷರ ಅಂತ ಇಟ್ಕೊಂಡ್ರೆ ಆರೇಳು ಸಾಲು, ಅಷ್ಟೇ. ಹತ್ತಿರದ ಹಡಗು ಯಾವುದು, ಎಲ್ಲಿದೆ ಅಂತ ತೋರಿಸುವ ಎಐಎಸ್ಸಿಗೆ ಅದು ಸಾಲದು ಅಂತ ಅದಕ್ಕೆ 38400ರ ಸ್ಪೀಡು ಇಟ್ಟಿದ್ದಾರೆ, 4800 ಅನ್ನೋ ನಂಬರ್ ನೆನಪಿಟ್ಕೊಳ್ಳಿ, ಮುಂದೆ ಬೇಕಾಗ್ತದೆ.

ಹೊಸದು ಎನ್‌ಎಂಇಎ 2000. ಆ ಐದು ಪಿನ್ನಿನ ಸಾಕೆಟ್ ಇದರದ್ದೇ. ಇದರ ಕೆಳಗೆ ಇರೋದು ಬಾಷ್ ಕಂಪೆನಿ ಕಾರುಗಳಿಗೆ ಅಂತ 1986ರಲ್ಲಿ ತೋರಿಸಿದ ಕ್ಯಾನ್ ಬಸ್. ಇದನ್ನು ನಾನು ನಮ್ಮ ಕಡೆಯವರಿಗೆ ತಾಳಮದ್ದಳೆ ಹೋಲಿಸಿ ಹೇಳ್ತೇನೆ. ಅರ್ಥಧಾರಿಗಳೆಲ್ಲ ಒಂದೇ ವೇದಿಕೆಯಲ್ಲಿ ಕೂತಿರ್ತಾರೆ, ಎಲ್ಲರಿಗೂ ಎಲ್ಲರ ಮಾತು ಕೇಳ್ತದೆ, ಎಲ್ಲರೂ ಮಾತಾಡ್ತಾರೆ, ಇಬ್ಬರು ಒಟ್ಟಿಗೆ ಬಾಯಿ ತೆಗೆದ್ರೆ ಯಾರ ಮಾತು ಮುಖ್ಯವೋ ಅವರದ್ದು ಮುಂದುವರೀತದೆ, ಇನ್ನೊಬ್ಬರು ನಿಂತು ಆಮೇಲೆ ಹೇಳ್ತಾರೆ, ಯಾವ ಮಾತೂ ಹಾಳಾಗೋದಿಲ್ಲ. ಕ್ಯಾನ್ ಬಸ್ಸಲ್ಲಿ ಆಗೋದು ಇದೇ. ಸ್ಪೀಡು ಸೆಕೆಂಡಿಗೆ ಎರಡೂವರೆ ಲಕ್ಷ ಬಿಟ್, ಹಳೇದರ ಐವತ್ತು ಪಟ್ಟಿಗಿಂತ ಜಾಸ್ತಿ. ಇಲ್ಲಿ ಅಕ್ಷರದ ಸಾಲು ಇಲ್ಲ, ನಂಬರ್ ಹಾಕಿದ ಪ್ಯಾಕೆಟ್ಟು, ಅದಕ್ಕೆ ಪಿಜಿಎನ್ ಅಂತಾರೆ. ಆಳ ಅಂದ್ರೆ 128267, ಜಾಗ ಅಂದ್ರೆ 129025, ಬೋಟಿನ ಮೂತಿ ಯಾವ ಕಡೆ ಅಂತ ಹೇಳೋದು 127250.

ಈಗ ಗೊತ್ತಾಯ್ತಲ್ಲ, ಹಳೇ ತಂತಿಯನ್ನು ಹೊಸ ಕೇಬಲಿಗೆ ನೇರ ಯಾಕೆ ಕಟ್ಟಬಾರದು ಅಂತ. ಭಾಷೆಯೂ ಬೇರೆ, ಸ್ಪೀಡೂ ಬೇರೆ, ತಂತಿಯಲ್ಲಿ ಓಡುವ ವೋಲ್ಟೇಜೂ ಬೇರೆ. ಗಂಗೊಳ್ಳಿ ಕಡೆಯ ಒಂದು ಬೋಟಿಗೆ ಹೋಗಿದ್ದೆ, ಹೊಸ ಪ್ಲಾಟರಲ್ಲಿ ಏನೂ ಬರೋದಿಲ್ಲ ಅಂತ ಕರೆದಿದ್ರು, ನೋಡಿದ್ರೆ ಹಳೇ ಜಿಪಿಎಸ್ಸಿನ ಎರಡು ತಂತಿಯನ್ನು ಹೊಸ ಕೇಬಲ್ ಕೊಯ್ದು ಅದರ ಬಿಳಿ ಮತ್ತು ನೀಲಿಗೆ ಕಟ್ಟಿ ಟೇಪ್ ಸುತ್ತಿದ್ದಾರೆ. ಬಿಳಿ ನೀಲಿ ಅಂದ್ರೆ ಮಾಹಿತಿ ಓಡುವ ಎರಡು ತಂತಿ, ಆ ನೆಟ್‌ವರ್ಕಿನ ಉಸಿರು, ಅಲ್ಲಿ ಬೇರೆಯವರು ಬಾಯಿ ಹಾಕಿದ್ರೆ ಇಡೀ ನೆಟ್‌ವರ್ಕ್ ನಿಲ್ತದೆ. ಬಿಚ್ಚಿದ ಕೂಡಲೆ ಪ್ಲಾಟರ್ ಸರಿಯಾಯ್ತು, ಜಿಪಿಎಸ್ಸಿನ ಔಟ್‌ಪುಟ್ ಮಾತ್ರ ಹೋಗಿತ್ತು. ಆ ಮನೆಯವರಿಗೆ ಅದು ಸಣ್ಣ ದುಡ್ಡಲ್ಲ, ಅದಕ್ಕೇ ಇಷ್ಟು ಉದ್ದ ಬರೀತಿದ್ದೇನೆ.

ಗೇಟ್‌ವೇ ಈ ಕಡೆಯ ಸಾಲು ಓದಿ ಆ ಕಡೆಗೆ ಪ್ಯಾಕೆಟ್ ಮಾಡಿ ಕೊಡ್ತದೆ, ಆ ಕಡೆಯದ್ದನ್ನು ಈ ಕಡೆಗೆ ಸಾಲು ಮಾಡಿ ಕೊಡ್ತದೆ. ಆಕ್ಟಿಸೆನ್ಸಿನದ್ದು ಉಂಟು, ಯಾಟ್ ಡಿವೈಸಸ್‌ನದ್ದು ಉಂಟು, ಸಿಮ್‌ರಾಡ್‌ನ ಎಟಿ10 ಉಂಟು, ಯಾವುದು ತಗೊಂಡ್ರೂ ಮೊದಲು ಅದರ ಪುಸ್ತಕದಲ್ಲಿ ಯಾವ ಸಾಲು ಯಾವ ಪಿಜಿಎನ್ ಆಗ್ತದೆ ಅನ್ನೋ ಪಟ್ಟಿ ನೋಡಿ, ನಿಮಗೆ ಬೇಕಾದ್ದು ಅದರಲ್ಲಿ ಇಲ್ಲದಿದ್ರೆ ಆ ಡಬ್ಬ ನಿಮಗಲ್ಲ. ಜಿಪಿಎಸ್ಸೂ ಸೌಂಡರೂ ಎರಡನ್ನೂ ಒಳಗೆ ತರಬೇಕು ಆದ್ರೆ ಗೇಟ್‌ವೇಯಲ್ಲಿ ಒಂದೇ ಇನ್‌ಪುಟ್ ಉಂಟು ಅಂದ್ರೆ ಅದಕ್ಕೆ ಮೊದಲು ಮಲ್ಟಿಪ್ಲೆಕ್ಸರ್ ಬೇಕು, ಅದು ಇಬ್ಬರ ಮಾತನ್ನೂ ಕೇಳಿ ಒಂದರ ಹಿಂದೆ ಒಂದು ಸಾಲಾಗಿ ಕಳಿಸ್ತದೆ.

ತಂತಿ ಕಟ್ಟುವಾಗ ಬಣ್ಣ ನಂಬಬೇಡಿ, 0183ರಲ್ಲಿ ಬಣ್ಣಕ್ಕೆ ನಿಯಮ ಇಲ್ಲ, ಒಂದು ಕಂಪೆನಿಯ ಬಿಳಿ ಇನ್ನೊಂದರ ಹಳದಿ. ಪುಸ್ತಕದಲ್ಲಿ ಔಟ್ ಎ, ಔಟ್ ಬಿ, ಇನ್ ಎ, ಇನ್ ಬಿ ಅಂತ ಇರ್ತದೆ, ಕೆಲವರು ಪ್ಲಸ್ ಮೈನಸ್ ಅಂತ ಬರೀತಾರೆ, ಅಕ್ಷರ ಬರ್ತದೆ ಆದ್ರೆ ಅರ್ಥ ಇಲ್ಲದ ಕಸ ಬರ್ತದೆ ಅಂದ್ರೆ ಒಂದೋ ಎ ಬಿ ತಿರುಗಿ ಹೋಗಿದೆ ಇಲ್ಲದಿದ್ರೆ ಸ್ಪೀಡು ತಪ್ಪಿದೆ. ಇನ್ನೂ ಹಳೇ ಸಾಮಾನಾದ್ರೆ ಬಿ ಅಂತ ಇರೋದೇ ಇಲ್ಲ, ಒಂದು ಸಿಗ್ನಲ್ ಒಂದು ಗ್ರೌಂಡ್. ಅಂಥದ್ದಕ್ಕೆ ಎರಡು ತಂತಿಯ ಔಟ್‌ಪುಟ್ ಕೊಡುವಾಗ ಎ ತಂತಿ ಸಿಗ್ನಲಿಗೆ, ಗ್ರೌಂಡ್ ಗ್ರೌಂಡಿಗೆ, ಬಿ ತಂತಿ ಹಾಗೇ ಬಿಟ್ಟು ತುದಿಗೆ ಸ್ಲೀವ್ ಹಾಕಿ. ಆ ಬಿ ತಂತಿ ಗ್ರೌಂಡಿಗೆ ತಾಗಿಸಿದ್ರೆ ಒಳಗಿನ ಚಿಪ್ಪಿಗೆ ಒಳ್ಳೇದಲ್ಲ.

ಹೊಸ ನೆಟ್‌ವರ್ಕಿನ ಕಡೆ ತಪ್ಪಾಗೋದು ಹೆಚ್ಚಾಗಿ ಟರ್ಮಿನೇಟರಲ್ಲಿ, ಅಂದ್ರೆ ಕೇಬಲಿನ ತುದಿಗೆ ಹಾಕುವ ರೆಸಿಸ್ಟರಲ್ಲಿ. ನಡುವೆ ಒಂದು ಉದ್ದ ಕೇಬಲ್, ಅದಕ್ಕೆ ಟಿ ಹಾಕಿ ಪ್ರತಿ ಸಾಮಾನಿಗೂ ಒಂದು ಕವಲು, ಕವಲು 6 ಮೀಟರಿಗಿಂತ ಉದ್ದ ಆಗಬಾರದು, ಉದ್ದ ಕೇಬಲಿನ ಎರಡೂ ತುದಿಗೆ 120 ಓಮಿನ ಒಂದೊಂದು ಟರ್ಮಿನೇಟರ್. ಒಂದು ತುದಿಗೆ ಹಾಕದೆ ಬಿಟ್ರೂ ಸಣ್ಣ ನೆಟ್‌ವರ್ಕ್ ಕೆಲವು ಸಲ ಓಡ್ತದೆ, ಅದೇ ಕಷ್ಟ, ಇನ್ನೊಂದು ಸಾಮಾನು ಸೇರಿಸಿದಾಗ ನಿಲ್ತದೆ, ಆವಾಗ ಎಲ್ಲರೂ ಹೊಸ ಸಾಮಾನನ್ನು ಬೈತಾರೆ. ಪವರ್ ಆಫ್ ಮಾಡಿ ಬಿಳಿ ನೀಲಿ ನಡುವೆ ಮೀಟರ್ ಇಡಿ, 60 ಓಮ್ ಹತ್ತಿರ ಬಂದ್ರೆ ಸರಿ, 120 ಬಂದ್ರೆ ಒಂದು ಟರ್ಮಿನೇಟರ್ ಇಲ್ಲ, 40 ಬಂದ್ರೆ ಯಾರೋ ಮೂರು ಹಾಕಿದ್ದಾರೆ. ಮತ್ತೆ ಈ ನೆಟ್‌ವರ್ಕಿಗೆ ಬೇಕಾದ್ದು 9ರಿಂದ 16 ವೋಲ್ಟ್. ನಿಮ್ಮ ಬೋಟಲ್ಲಿ 24 ವೋಲ್ಟ್ ಬ್ಯಾಟರಿ ಆದ್ರೆ ನಡುವೆ ಒಂದು ಒಳ್ಳೆ 24-12 ಕನ್ವರ್ಟರ್ ಹಾಕಲೇಬೇಕು, ಫ್ಯೂಸ್ ಬೇರೆ. ಇಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಯಿಂದ ಕೊಡಬೇಡಿ, ಸೆಲ್ಫ್ ಹೊಡೆದಾಗ ವೋಲ್ಟೇಜ್ ಕೆಳಗಿಳಿದು ಎಲ್ಲ ಒಟ್ಟಿಗೆ ಆಫಾಗಿ ಆನ್ ಆಗ್ತದೆ.

ಇಷ್ಟು ಮಾಡಿದ್ರೆ ಸ್ಕ್ರೀನಲ್ಲಿ ಅಂಕಿ ಬರ್ತದೆ. ಅಂಕಿ ಬಂದದ್ದೇ ಸಾಕು ಅಂತ ಹೋಗೋದು ನನಗೆ ಸರಿ ಕಾಣೋದಿಲ್ಲ, ಬಂದ ಅಂಕಿ ಸರಿಯಾದ್ದಾ ಅಂತ ನೋಡ್ಬೇಕು.

ಆಳದ ವಿಷಯ ತಗೊಳ್ಳಿ. ಡಿಬಿಟಿ ಸಾಲಲ್ಲಿ ಆಳ ಅಡಿಯಲ್ಲಿ, ಮೀಟರಲ್ಲಿ, ಫ್ಯಾದಮಲ್ಲಿ ಮೂರರಲ್ಲೂ ಬರ್ತದೆ, ಫ್ಯಾದಮ್ ಅಂದ್ರೆ ನಮ್ಮ ಮಾರು, ಆರು ಅಡಿ. ಹೊಸ ನೆಟ್‌ವರ್ಕಲ್ಲಿ ಹೋಗೋದು ಮೀಟರ್ ಒಂದೇ, ಯಾವುದರಲ್ಲಿ ತೋರಿಸ್ಬೇಕು ಅಂತ ಪ್ಲಾಟರಲ್ಲಿ ನಾವು ಇಡಬೇಕು. ಬೋಟು ನಡೆಸುವ ತಾಂಡೇಲರಿಗೆ ಮಾರಿನ ಲೆಕ್ಕ ಕೈಯಲ್ಲಿ ಕೂತಿರ್ತದೆ, ಸ್ಕ್ರೀನ್ ಮೀಟರಲ್ಲಿ 10 ಅಂತ ತೋರಿಸಿ ಅವರು 10 ಮಾರು ಅಂತ ತಿಳ್ಕೊಂಡ್ರೆ ನಿಜಕ್ಕೂ ಇರೋದು ಐದೂವರೆ ಮಾರು. ಅದಕ್ಕಿಂತ ಕೆಟ್ಟದ್ದು ಆಫ್‌ಸೆಟ್, ಅಂದ್ರೆ ಅಳೆದ ಆಳಕ್ಕೆ ನಾವು ಕೂಡಿಸುವ ಅಂಕಿ. ಟ್ರಾನ್ಸ್‌ಡ್ಯೂಸರ್ (ಬೋಟಿನ ಅಡಿಯಿಂದ ಶಬ್ದ ಕಳಿಸಿ ಕೇಳುವ ಭಾಗ) ನೀರಿನ ಮಟ್ಟದಿಂದ ಒಂದೂವರೆ ಮೀಟರ್ ಕೆಳಗೆ ಇದ್ದು, ಹಳೇ ಸೌಂಡರಲ್ಲಿ ಅದನ್ನು ಮೊದಲೇ ಕೂಡಿಸಿ ಕಳಿಸ್ತಾ ಇದ್ರೆ, ಹೊಸ ಪ್ಲಾಟರಲ್ಲಿ ಇನ್ನೊಮ್ಮೆ ಅದೇ ಒಂದೂವರೆ ಹಾಕಿದ್ರಿ ಅಂತಾದ್ರೆ 3 ಮೀಟರ್ ನೀರು ಇರುವಲ್ಲಿ ನಾಲ್ಕೂವರೆ ತೋರಿಸ್ತದೆ. ನಡು ಸಮುದ್ರದಲ್ಲಿ ಇದರಿಂದ ಏನೂ ಆಗೋದಿಲ್ಲ, ಆದ್ರೆ ಅಳಿವೆ ಬಾಯಲ್ಲಿ, ಮರಳು ತುಂಬಿದ ಜಾಗದಲ್ಲಿ, ಇಳಿತದ ಹೊತ್ತಿಗೆ ಮೀನು ತುಂಬಿಸ್ಕೊಂಡು ಒಳಗೆ ಬರುವಾಗ ಆ ಒಂದೂವರೆ ಮೀಟರ್ ಅಂದ್ರೆ ಬೋಟೇ. ದಕ್ಕೆಯಲ್ಲಿ ನಿಂತಾಗ ಹಗ್ಗಕ್ಕೆ ಭಾರ ಕಟ್ಟಿ ಇಳಿಸಿ ಅಳತೆ ಮಾಡಿ, ಎರಡೂ ಸ್ಕ್ರೀನಿಗೆ ತಾಳೆ ನೋಡಿ, ನಾನು ಪ್ರತಿ ಸಲ ಹೀಗೇ ಮಾಡೋದು.

ತಾರೀಕಿನ ವಿಷಯವೂ ಒಂದು ಉಂಟು. ಜಿಪಿಎಸ್ ಉಪಗ್ರಹಗಳು ವಾರದ ಲೆಕ್ಕವನ್ನು 1024ರ ತನಕ ಎಣಿಸಿ ಮತ್ತೆ ಸೊನ್ನೆಯಿಂದ ಶುರು ಮಾಡ್ತವೆ, ಹಾಗೆ ತಿರುಗಿದ್ದು 1999ರ ಆಗಸ್ಟಲ್ಲಿ ಒಮ್ಮೆ, 2019ರ ಏಪ್ರಿಲಲ್ಲಿ ಇನ್ನೊಮ್ಮೆ. ಅದನ್ನು ಸರಿ ಮಾಡ್ಕೊಳ್ಳದ ಹಳೇ ಸೆಟ್ಟುಗಳಲ್ಲಿ ತಾರೀಕು ಹತ್ತೊಂಬತ್ತೂವರೆ ವರ್ಷ ಹಿಂದೆ ಹೋಗಿರ್ತದೆ, ಜಾಗ ಮಾತ್ರ ಸರಿಯಾಗೇ ತೋರಿಸ್ತದೆ, ಹಾಗಾಗಿ ಯಾರಿಗೂ ಗೊತ್ತಾಗೋದಿಲ್ಲ. ಗೇಟ್‌ವೇ ಮೂಲಕ ಆ ತಾರೀಕು ಹೊಸ ಪ್ಲಾಟರಿಗೆ ಹೋದ್ರೆ ಅದರಲ್ಲಿರುವ ಉಬ್ಬರ ಇಳಿತದ ಲೆಕ್ಕ ಎಲ್ಲ ತಪ್ತದೆ. ಹಾಗಾಗಿ ಹೊಸ ಪ್ಲಾಟರಲ್ಲಿ ಅದರದ್ದೇ ಜಿಪಿಎಸ್ ಇದ್ರೆ ಜಾಗಕ್ಕೂ ಸಮಯಕ್ಕೂ ಅದನ್ನೇ ಯಜಮಾನ ಮಾಡಿ, ಹಳೇದು ಕಷ್ಟಕಾಲಕ್ಕೆ ಇರ್ಲಿ. ಪ್ಲಾಟರಿನ ಸೆಟ್ಟಿಂಗಲ್ಲಿ ಡೇಟಾ ಸೋರ್ಸ್ ಅಂತ ಒಂದು ಜಾಗ ಇರ್ತದೆ, ಅಲ್ಲಿ ಆಟೋ ಅಂತ ಬಿಡಬೇಡಿ, ಆಳ ಯಾರಿಂದ, ಜಾಗ ಯಾರಿಂದ, ದಿಕ್ಕು ಯಾರಿಂದ ಅಂತ ಒಂದೊಂದಕ್ಕೂ ಒಬ್ಬರನ್ನು ಆರಿಸಿ. ಹಾಗೆ ಮಾಡದಿದ್ರೆ ಹಳೇ ಜಿಪಿಎಸ್ಸಿಂದ ಹೊಸ ನೆಟ್‌ವರ್ಕಿಗೆ ಹೋದ ಜಾಗ ಗೇಟ್‌ವೇಯಿಂದ ತಿರುಗಿ ಹಳೇ ಕಡೆಗೇ ಬಂದು ಸುತ್ತು ಹೊಡೀತಾ ಇರ್ತದೆ, ಬೋಟಿನ ಚಿತ್ರ ಮ್ಯಾಪಲ್ಲಿ ಅಲ್ಲೊಮ್ಮೆ ಇಲ್ಲೊಮ್ಮೆ ಹಾರ್ತದೆ. ಗೇಟ್‌ವೇಯಿಂದ ಹೊರಗೆ ಹೋಗೋದನ್ನೂ ಫಿಲ್ಟರ್ ಮಾಡಿ, ಯಾಕಂದ್ರೆ ಹೊಸ ಕಡೆ ಸೆಕೆಂಡಿಗೆ ಹತ್ತು ಸಲ ಬರುವ ದಿಕ್ಕನ್ನು 4800ರ ತಂತಿಗೆ ಪೂರ್ತಿ ಬಿಟ್ರೆ ದೊಡ್ಡ ಪಾಲು ಜಾಗ ಅದಕ್ಕೇ ಹೋಗ್ತದೆ, ಬಾಕಿಯವರ ಮಾತು ತಡವಾಗ್ತದೆ.

ಒಂದು ಬೇಜಾರಿನ ಉತ್ತರವೂ ಕೊಡ್ಬೇಕು. "ಹಳೇ ಸೌಂಡರಿನ ಮೀನಿನ ಚಿತ್ರ ಹೊಸ ದೊಡ್ಡ ಸ್ಕ್ರೀನಲ್ಲಿ ಬರ್ತದಾ?" ಬರೋದಿಲ್ಲ. ಗೇಟ್‌ವೇ ದಾಟಿ ಹೋಗೋದು ಆಳದ ಅಂಕಿ ಮಾತ್ರ, ಚಿತ್ರ ಈ ಎರಡು ತಂತಿಯಲ್ಲೂ ಹೋಗೋದಿಲ್ಲ. ಚಿತ್ರ ಬೇಕಾದ್ರೆ ಪ್ಲಾಟರಿಗೆ ಅದರದ್ದೇ ಸೌಂಡರ್ ಭಾಗ, ಅದಕ್ಕೆ ಹೊಂದುವ ಟ್ರಾನ್ಸ್‌ಡ್ಯೂಸರ್ ಬೇಕು. ಇದನ್ನು ದುಡ್ಡು ಕೊಡುವ ಮೊದಲೇ ಕೇಳಿ ತಿಳ್ಕೊಳ್ಳಿ.

ಇನ್ನು ನಾನು ಹಟ ಹಿಡಿಯುವ ಆ ತಂತಿ. ಅದು ಹಳೇ ಜಿಪಿಎಸ್ಸಿಂದ ವಿಎಚ್‌ಎಫ್ ವಯರ್‌ಲೆಸ್ಸಿಗೆ ಹೋಗುವ ತಂತಿ. ಡಿಎಸ್‌ಸಿ ಅಂದ್ರೆ ಒಂದೇ ಬಟನಲ್ಲಿ ಅಪಾಯದ ಕರೆ ಕಳಿಸುವ ಸೌಲಭ್ಯ, ಅದು ಇರುವ ಸೆಟ್ಟಲ್ಲಿ ಮುಚ್ಚಳದ ಒಳಗೆ ಕೆಂಪು ಬಟನ್ ಇರ್ತದೆ, ಅದನ್ನು ಒತ್ತಿ ಹಿಡಿದ್ರೆ ಚಾನೆಲ್ 70ರಲ್ಲಿ ನಿಮ್ಮ ಬೋಟಿನ ಗುರುತಿನ ನಂಬರೂ (ಎಂಎಂಎಸ್‌ಐ), ನೀವು ಎಲ್ಲಿದ್ದೀರಿ ಅನ್ನೋದೂ ಒಟ್ಟಿಗೆ ಹೋಗ್ತದೆ. ಎಲ್ಲಿದ್ದೀರಿ ಅನ್ನೋದು ಅದಕ್ಕೆ ತಾನಾಗೇ ಗೊತ್ತಾಗೋದು ಜಿಪಿಎಸ್ ಇದ್ರೆ ಮಾತ್ರ. ತುಂಬ ಸೆಟ್ಟುಗಳ ಒಳಗೆ ಜಿಪಿಎಸ್ ಇರೋದಿಲ್ಲ, ಹೊರಗಿಂದ ಕೊಡಬೇಕು, ನಾನು ಹತ್ತಿದ ಎಷ್ಟೋ ಬೋಟಲ್ಲಿ ಆ ತಂತಿ ಪ್ಯಾಕಿಂಗಿನಲ್ಲಿ ಬಂದ ಹಾಗೇ ಸುತ್ತಿ ಸೆಟ್ಟಿನ ಹಿಂದೆ ತುರುಕಿ ಇಟ್ಟದ್ದು ನೋಡಿದ್ದೇನೆ, ನೋಡಿದಾಗೆಲ್ಲ ಹೊಟ್ಟೆಯೊಳಗೆ ಏನೋ ಆಗ್ತದೆ. ಎರಡೇ ತಂತಿ, ಗೇಟ್‌ವೇ ಬೇಡ, ಅರ್ಧ ಗಂಟೆ ಕೆಲಸ, ಸ್ಪೀಡು 4800.

ಹೊಸ ನೆಟ್‌ವರ್ಕ್ ಬಂದ ಮೇಲೆ ಕೆಲವರು ಈ ತಂತಿ ಕಿತ್ತು ವಯರ್‌ಲೆಸ್ಸನ್ನೂ ಗೇಟ್‌ವೇ ಮೂಲಕ ಕೊಡ್ತಾರೆ, ಕ್ಯಾಬಿನ್ ಚಂದ ಕಾಣ್ತದೆ ಅಂತ. ನಾನು ಮಾಡೋದಿಲ್ಲ, ಮಾಡಿ ಅಂದ್ರೂ ಮಾಡೋದಿಲ್ಲ. ಹೊಸ ನೆಟ್‌ವರ್ಕ್ ಒಂದೇ ಕೇಬಲ್, ಎಲ್ಲಾದ್ರೂ ಒಂದು ಟಿ ಒಳಗೆ ಉಪ್ಪು ನೀರು ಹೋಯ್ತು, ಕನ್ವರ್ಟರ್ ಸುಟ್ಟು ಹೋಯ್ತು ಅಂದ್ರೆ ಅದರ ಮೇಲೆ ಕೂತ ಎಲ್ಲರ ಬಾಯೂ ಒಟ್ಟಿಗೆ ಮುಚ್ತದೆ. ಆ ಹೊತ್ತಿಗೇ ವಯರ್‌ಲೆಸ್ ಬೇಕಾಗೋದು. ಹಳೇ ಜಿಪಿಎಸ್ಸಿಗೆ ಅದರದ್ದೇ ಫ್ಯೂಸ್, ವಯರ್‌ಲೆಸ್ಸಿಗೆ ಅದರದ್ದೇ ಫ್ಯೂಸ್, ನಡುವೆ ಆ ಎರಡು ತಂತಿ ನೇರ. ಗೇಟ್‌ವೇಗೂ ಅದೇ ಜಿಪಿಎಸ್ ಔಟ್‌ಪುಟ್ ಬೇಕಾದ್ರೆ ಅದರಿಂದಲೇ ಇನ್ನೊಂದು ಕವಲು ತೆಗೀರಿ, ಕೇಳುವವರು ಒಬ್ಬರಿಗಿಂತ ಜಾಸ್ತಿ ಆದ್ರೂ ಆಗ್ತದೆ ಅಂತ ಮೊದಲೇ ಹೇಳಿದ್ನಲ್ಲ.

ಕೆಲಸ ಮುಗಿದ ಮೇಲೆ ನಾನು ತಾಂಡೇಲರನ್ನು ಕ್ಯಾಬಿನಿಗೆ ಕರೀತೇನೆ. ಹೊಸ ನೆಟ್‌ವರ್ಕಿನ ಫ್ಯೂಸನ್ನು ಅವರ ಕೈಯಲ್ಲೇ ತೆಗೆಸ್ತೇನೆ, ಪ್ಲಾಟರಲ್ಲಿ ಆಳ ಹೋಗಿ ಗೀಟು ಬರ್ತದೆ. ಆಮೇಲೆ ವಯರ್‌ಲೆಸ್ಸಿನ ಸಣ್ಣ ಸ್ಕ್ರೀನ್ ತೋರಿಸ್ತೇನೆ, ಅದರಲ್ಲಿ ಅಕ್ಷಾಂಶ ರೇಖಾಂಶ ಇನ್ನೂ ಓಡ್ತಾ ಇರ್ಬೇಕು. ಓಡ್ತಾ ಇದ್ರೆ ಫ್ಯೂಸ್ ವಾಪಸ್ ಹಾಕಿ ಟೂಲ್ ಬಾಕ್ಸ್ ಮುಚ್ತೇನೆ, ಇಲ್ಲದಿದ್ರೆ ಪುನಃ ಬಿಚ್ತೇನೆ.